ಹಳದಿ ಚೀಲ ಹೊರಟುಹೋದ ಮಧ್ಯಾಹ್ನ

ನಿವೃತ್ತಳಾದ ಮೇಲೆ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರುವ ಡಾಕ್ಟರುಗಳಿಗೆ ಸಮಯ ನಿರ್ವಹಣೆಯ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ನನಗಿಂತ ಮುಂಚೆ ಮಾತಾಡಿದ ಮಹಾನುಭಾವರು ಸಮಯದ ಮಹತ್ವವನ್ನು ವಿವರಿಸುತ್ತ ವಿವರಿಸುತ್ತ ನನ್ನ ಪಾಲಿನ ಸಮಯವನ್ನೂ ನುಂಗಿ ನೀರು ಕುಡಿದರು. ನಾನು ಎದ್ದು ನಿಂತಾಗ ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಕಿವಿಯ ಹತ್ತಿರ ಬಂದು, "ಮೇಡಂ, ಬೇಜಾರ್ ಮಾಡ್ಕೋಬೇಡಿ, ಊಟ ಆರ್ತಾ ಇದೆ, ಸ್ವಲ್ಪ ಬೇಗ ಮುಗಿಸ್ತೀರಾ?" ಎಂದಳು. "ಊಟ ಸಿಕ್ಕಾಗ ಡಾಕ್ಟರ್ ಆದವರು ಮೊದಲು ಊಟ ಮಾಡಬೇಕು, ಏಳಿ" ಎಂದು ಮೈಕಿನಲ್ಲಿ ಹೇಳಿ ಇಳಿದುಬಿಟ್ಟೆ. ಭಾರಿ ಚಪ್ಪಾಳೆ ಬಿತ್ತು. ಹೇಳಬೇಕೆಂದುಕೊಂಡು ಹೋಗಿದ್ದ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ. ಅದು ಮಂಜುಳಾ ಎಂಬ ಹೆಣ್ಣುಮಗಳ ಬಲಗೈ ಹೆಬ್ಬೆರಳಿನ ವಿಷಯ.

ನಾನು ಸರ್ವೀಸಿನ ಬಹುಭಾಗ ಕಳೆದದ್ದು ಪೀಣ್ಯದ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಸುತ್ತ ಎಲ್ಲಿ ನೋಡಿದರೂ ಶೆಡ್ಡುಗಳು, ಲೇತುಗಳು, ಪ್ರೆಸ್ಸುಗಳು, ಪ್ಲೇಟಿಂಗ್ ಘಟಕಗಳು. ಪೀಣ್ಯದಲ್ಲಿ ಕಾಯಿಲೆಗೂ ಶಿಫ್ಟ್ ಇದೆ. ಬೆಳಿಗ್ಗೆಯಿಂದ ಹೊಟ್ಟೆನೋವು ಅದುಮಿಕೊಂಡು ಮೆಷಿನ್ ಮುಂದೆ ನಿಂತವನು ಶಿಫ್ಟ್ ಬಿಟ್ಟ ಮೇಲೆ ಬರುತ್ತಾನೆ. ರಜೆ ಹಾಕಲಾಗದವನು ಶಿಫ್ಟ್ ಹಿಡಿಯುವ ಮುಂಚೆ ಬರುತ್ತಾನೆ. ಇಬ್ಬರೂ ನಮ್ಮ ಬಾಗಿಲಲ್ಲಿ ಡಿಕ್ಕಿ ಹೊಡೆಯುವುದು ಮಧ್ಯಾಹ್ನ ಮೊದಲ ಶಿಫ್ಟ್ ಬಿಡುವ ಹೊತ್ತಿನಲ್ಲಿ. ದಣಿದ ಕೈ ಮೆಷಿನ್ನಿಗೆ ಸಿಗುವುದೂ ಹೆಚ್ಚಾಗಿ ಆಗಲೇ.

ನನಗೆ ಕೆಲಸ ಕಲಿಸಿದವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಅವರಿಗೆ ಒಂದು ಅಭ್ಯಾಸ. ಬಂದ ತಕ್ಷಣ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಎರಡು ಕೈ ಹಿಂದೆ ಕಟ್ಟಿಕೊಂಡು ಹೊರಗಿನ ಬೆಂಚುಗಳ ಉದ್ದಕ್ಕೂ ಒಂದು ಸಲ ನಡೆದು ಬರುತ್ತಿದ್ದರು. ಮದುವೆಮನೆಯಲ್ಲಿ ಪಂಕ್ತಿ ನೋಡಿಕೊಂಡು ಬರುವ ಯಜಮಾನರ ಹಾಗೆ. ಒಮ್ಮೊಮ್ಮೆ ಸಾಲಿನ ಕೊನೆಯಲ್ಲಿ ಕೂತವನನ್ನು ಎಬ್ಬಿಸಿಕೊಂಡು ಒಳಗೆ ಬರುತ್ತಿದ್ದರು. ಮಿಕ್ಕವರು ಗಲಾಟೆ ಮಾಡಿದರೆ ತಿರುಗಿಯೂ ನೋಡುತ್ತಿರಲಿಲ್ಲ. "ಕೂತ್ಮೇಲೆ ಎದುರಿಗಿರೋನು ಒಬ್ಬನೇ ಕಾಣ್ತಾನೆ ಕಣಮ್ಮ. ಕೂರೋಕ್ಕೆ ಮುಂಚೆ ಎಲ್ಲರನ್ನೂ ನೋಡಿಬಿಡು" ಎಂದು ನನಗೆ ಹೇಳಿದ್ದರು. ಅವರು ಹೋದ ಮೇಲೆ ಆ ನಡಿಗೆಯನ್ನು ನಾನು ಮುಂದುವರಿಸಿದೆ.

ಆಮೇಲೆ ಟೋಕನ್ ಬಂತು. ಸರದಿಗೆ ಜಗಳ ಇರುವುದಿಲ್ಲ ಎಂದು ಆಡಳಿತದವರು ಹಿಗ್ಗಿದರು. ವಾರ ಕಳೆಯುವುದರೊಳಗೆ ಒಂದು ಫ್ಯಾಕ್ಟರಿಯ ಹುಡುಗರು ಉಪಾಯ ಹೂಡಿದ್ದರು. ಡ್ಯೂಟಿಗೆ ಹೋಗುವ ದಾರಿಯಲ್ಲಿ ಒಬ್ಬ ಬಂದು ಇಡೀ ಲೈನಿನವರ ಹೆಸರಲ್ಲಿ ಟೋಕನ್ ಕಿತ್ತುಕೊಂಡು ಹೋಗುವುದು, ಮಧ್ಯಾಹ್ನ ಯಾರಿಗೆ ಮೈ ಸರಿಯಿಲ್ಲವೋ ಅವರಿಗೆ ಕೊಡುವುದು. ಬಸುರಿ ಹೆಂಗಸು ಬಾಗಿಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರೆ ಮೊದಲ ನಂಬರಿನವನು ಶೀತಕ್ಕೆ ಮಾತ್ರೆ ಕೇಳುತ್ತ ನನ್ನ ಮುಂದೆ ಕೂತಿದ್ದ. "ಇದ್ಯಾವ ನ್ಯಾಯನಪ್ಪಾ?" ಎಂದರೆ, "ರೂಲ್ಸ್ ನಿಮ್ದೇ ಅಲ್ವಾ ಮೇಡಂ?" ಎಂದು ನಕ್ಕ. ನನಗೂ ನಗು ಬಂತು, ಕೋಪವೂ ಬಂತು. ಟೋಕನ್ ಇರಲಿ, ನಡಿಗೆಯೂ ಇರಲಿ ಎಂದು ಎರಡನ್ನೂ ಇಟ್ಟುಕೊಂಡೆ.

ಕೊನೆಗೆ ಬಂದವನು ವಿನಯ್. ಆಸ್ಪತ್ರೆಯ ಹೊಸ ಮ್ಯಾನೇಜರ್, ಮೂವತ್ತು ದಾಟಿದ ಹುಡುಗ, ಕುತ್ತಿಗೆಗೆ ಟೈ. ಮೊದಲು ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದ. ಅಲ್ಲಿ ಮೆಷಿನ್ನಿನಿಂದ ಒಂದು ಅಚ್ಚು ತೆಗೆದು ಇನ್ನೊಂದು ಕೂರಿಸುವ ಸಮಯವನ್ನು ಹೇಗೆ ಅರ್ಧಕ್ಕರ್ಧ ಇಳಿಸಿದೆ ಎಂಬ ಕಥೆಯನ್ನು ಬಂದ ದಿನವೇ ಹೇಳಿದ. ಅದೇ ಉಪಾಯವನ್ನು ನಮ್ಮ ಹಾಸಿಗೆಗಳಿಗೂ ತಂದ. ಗಾಯ ಬಿಚ್ಚಿದ ಕ್ಷಣವೇ ರಕ್ತದ ಬಟ್ಟೆಯೆಲ್ಲ ಹಳದಿ ಚೀಲಕ್ಕೆ, ಚೀಲ ಕಟ್ಟಿ ಹಿಂದಿನ ಕೋಣೆಗೆ, ಹಾಸಿಗೆಯ ಸುತ್ತ ಒರೆಸಿ ಮುಂದಿನವರಿಗೆ ಸಿದ್ಧ. ರೋಗಿ ಇನ್ನೂ ಮಲಗಿರುವಾಗಲೇ ಅವನ ಸುತ್ತಲಿನದೆಲ್ಲ ಚೊಕ್ಕಟ. ಫೋನಿನಲ್ಲಿ ಗಡಿಯಾರ ಓಡಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಆಯಾ ರತ್ನಮ್ಮ ಈ ಆಟದಲ್ಲಿ ಎಲ್ಲರಿಗಿಂತ ಚುರುಕು. ಗೋಡೆಯ ಚಾರ್ಟಿನಲ್ಲಿ ಅವಳ ಹೆಸರಿನ ಮುಂದೆ ದಿನವೂ ನಕ್ಷತ್ರ.

ನಿಜ ಹೇಳಬೇಕೆಂದರೆ ಅದರಿಂದ ಉಪಯೋಗವಾಯಿತು. ನೆಲದ ಮೇಲೆ ಕೂತು ಕಾಯುವವರು ಕಡಿಮೆಯಾದರು. ನನಗೂ ನಿಧಾನ ಎಂದರೆ ಆಗುವುದಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಗಾಯಾಳುವಿನ ಪಕ್ಕದಿಂದ ನಾನು ನೋಡುವ ಮೊದಲೇ ವಸ್ತು ಮಾಯವಾಗುವುದು ನನಗೆ ಸರಿಬರುತ್ತಿರಲಿಲ್ಲ. ಹೇಳಿದೆ. ವಿನಯ್, "ಡಾಕ್ಟ್ರೇ, ನೀವು ಪೇಷಂಟ್ ನೋಡ್ಕೊಳ್ಳಿ, ಕಸ ನಾನು ನೋಡ್ಕೋತೀನಿ" ಎಂದ. ಆ ಮಾತಿನ ಮೇಲೆ ನಾವಿಬ್ಬರೂ ಒಂದಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಆ ಮಧ್ಯಾಹ್ನ ಮೊದಲ ಶಿಫ್ಟ್ ಬಿಟ್ಟಿತ್ತು. ಬೆಂಚು ತುಂಬಿ ಜನ ಗೋಡೆಗೆ ಒರಗಿದ್ದರು. ಒಂದು ಲಗೇಜ್ ಆಟೋ ನೇರ ಬಾಗಿಲಿಗೇ ಬಂದು ನಿಂತಿತು. ಅದರಿಂದ ನಾಗರಾಜ ಎಂಬ ಕೆಲಸಗಾರ ತನ್ನ ಜೊತೆ ಕೆಲಸ ಮಾಡುವ ಮಂಜುಳಾಳನ್ನು ಇಳಿಸಿದ. ತಗಡು ಕತ್ತರಿಸುವ ಮೆಷಿನ್ನಿಗೆ ಕೈ ಸಿಕ್ಕಿತ್ತು. ಗಾಬರಿಯಲ್ಲಿ ಅವರೆಲ್ಲ ಮೆಷಿನ್ ಒರೆಸುವ ಬನಿಯನ್ ಬಟ್ಟೆಯನ್ನೇ ಉಂಡೆ ಉಂಡೆಯಾಗಿ ಸುತ್ತಿ ತಂದಿದ್ದರು. ಕೈ ಹೋಗಿ ಒಂದು ದೊಡ್ಡ ಗಂಟಾಗಿತ್ತು.

ನಾನು ಪಕ್ಕದ ಹಾಸಿಗೆಯಲ್ಲಿ ಉಬ್ಬಸದ ಹುಡುಗಿಯೊಬ್ಬಳಿಗೆ ಔಷಧಿ ಏರಿಸುತ್ತಿದ್ದೆ. ಸಿಸ್ಟರ್ ಶೈನಿ ಮಂಜುಳಾಳನ್ನು ಮಲಗಿಸಿ, ಆ ಗಂಟನ್ನು ಕತ್ತರಿಯಿಂದ ಒಂದೇ ಸಲಕ್ಕೆ ಸೀಳಿ ತೆಗೆದು, ಗಾಯವನ್ನು ಒತ್ತಿ ಹಿಡಿದಳು. ರಕ್ತ ನಿಲ್ಲಿಸುವುದೇ ಮೊದಲ ಕೆಲಸ, ಅವಳು ಮಾಡಿದ್ದು ಸರಿ. ನಾನು ತಿರುಗಿ ಬಂದು ನೋಡಿದೆ. ಹೆಬ್ಬೆರಳು ಬುಡದ ಗೆಣ್ಣಿನ ಹತ್ತಿರ ಹೋಗಿತ್ತು. ಜಜ್ಜಿರಲಿಲ್ಲ. ಅಲಗು ಹರಿತವಾಗಿದ್ದರಿಂದ ಒಂದೇ ನೇರಕ್ಕೆ ಕತ್ತರಿಸಿತ್ತು. ಅಂಥ ಬೆರಳನ್ನು ಬೇಗ, ಸರಿಯಾಗಿ ತಲುಪಿಸಿದರೆ ಕೈಯ ಶಸ್ತ್ರಚಿಕಿತ್ಸೆಯವರು ಮತ್ತೆ ಕೂಡಿಸಲು ನೋಡುತ್ತಾರೆ.

"ಬೆರಳೆಲ್ಲಿ?" ಎಂದೆ.

"ಮೆಷಿನ್ ಹತ್ರನೇ ಬಿದ್ದಿರ್ಬೇಕು ಮೇಡಂ" ಎಂದ ನಾಗರಾಜ. ಬೆವರು ಇಳಿಯುತ್ತಿತ್ತು.

"ಫೋನ್ ಮಾಡು. ಹುಡುಕಲಿ. ಸಿಕ್ಕಿದ್ರೆ ತೊಳೀಬೇಡಿ, ಥಿನ್ನರ್ ಹಾಕ್ಬೇಡಿ, ಬರೀ ಐಸಲ್ಲಿ ಹೂತಿಡ್ಬೇಡಿ ಅಂತ ಹೇಳು."

ಅವನು ಫೋನ್ ಹಚ್ಚಿದ. ಮಂಜುಳಾಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಪೀಣ್ಯ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ. ನೋವಿನಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ. "ಆ ಶೆಡ್ ಇರೋದು ನಮ್ಮ ತಾತನ ರಾಗಿ ಹೊಲ ಮೇಡಂ. ನಮ್ಮ ಹೊಲದಲ್ಲೇ ಬೆರಳು ಬಿತ್ಬಿಟ್ಟೆ ನೋಡಿ" ಎಂದು ನಗಲು ಹೋದವಳು ಥಟ್ಟನೆ ಅಳತೊಡಗಿದಳು. "ನನ್ನ ಮಗಳಿಗೆ ಸೊಂಟದವರೆಗೂ ಕೂದ್ಲು ಮೇಡಂ. ನಾನೇ ಜಡೆ ಹಾಕ್ಬೇಕು, ಬೇರೆಯವ್ರ ಕೈಗೆ ತಲೆ ಕೊಡಲ್ಲ. ಹೆಬ್ಬೆಟ್ಟಿಲ್ದೆ ಹೆಂಗೆ ಹಾಕ್ಲಿ?" ಎಂದು ಕೇಳಿದಳು. ನೋವಿಗೆ ಇಂಜೆಕ್ಷನ್ ಕೊಟ್ಟೆ.

ಅಷ್ಟರಲ್ಲಿ ಬೆಂಚಿನ ಕಡೆ ಕಣ್ಣು ಹಾಯಿಸಿದೆ. ಮೂಲೆಯಲ್ಲಿ ಸೆಕ್ಯುರಿಟಿ ಸಮವಸ್ತ್ರದ ಹಿರಿಯರೊಬ್ಬರು ಕೂತಿದ್ದರು. ಮುಖ ಬೂದಿ ಬಳಿದಂತಿತ್ತು, ಅಂಗೈಯನ್ನು ಎದೆಯ ನಡುವೆ ಇಟ್ಟುಕೊಂಡಿದ್ದರು. ಕೈಯಲ್ಲಿ ಎಲ್ಲರಿಗಿಂತ ಕೊನೆಯ ಟೋಕನ್. ಅವರನ್ನು ಎತ್ತಿಸಿಕೊಂಡು ಬಂದು ಮಲಗಿಸಿ ಇಸಿಜಿ ತಂತಿ ಹಚ್ಚಿಸಿದೆ. ಕಾಗದ ಹೊರಬರುತ್ತಿದ್ದಂತೆ ಹೃದಯಾಘಾತ ಎಂದು ತಿಳಿಯಿತು.

ಅತ್ತ ನಾಗರಾಜನ ಫೋನಿನಲ್ಲಿ ಸೂಪರ್‌ವೈಸರ್ ಕೂಗುತ್ತಿದ್ದ. ಕತ್ತರಿಸಿದ ತಗಡಿನ ಚೂರುಗಳ ತೊಟ್ಟಿಯನ್ನೇ ನೆಲಕ್ಕೆ ಸುರಿದು ಹುಡುಕುತ್ತಿದ್ದರು. "ಇಲ್ಲಿ ಏನೂ ಇಲ್ಲ ಮೇಡಂ! ರಕ್ತ ಬಿಟ್ರೆ ಏನೂ ಇಲ್ಲ!"

"ಗ್ಲೌಸ್ ಚೂರು ಏನಾದ್ರೂ ಬಿದ್ದಿದ್ಯಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಅದೂ ಇಲ್ಲ ಮೇಡಂ."

ಮಂಜುಳಾಳ ಕಡೆ ತಿರುಗಿದೆ. "ಗ್ಲೌಸ್ ಹಾಕಿದ್ದಾ?"

"ಹೂಂ ಮೇಡಂ, ದಪ್ಪಂದು, ಚರ್ಮದ್ದು."

ಆಗ ಹೊಳೆಯಿತು. ಅಲಗು ಮೂಳೆಯನ್ನು ಕತ್ತರಿಸಿದೆ, ಚರ್ಮದ ಕೈಗವಸು ಒಂದು ಬದಿಯಲ್ಲಿ ಹರಿಯದೆ ನೇತಾಡಿದೆ, ಬೆರಳು ಅದರೊಳಗೇ ಉಳಿದಿದೆ. ಇವರು ಅದನ್ನೂ ಸೇರಿಸಿ ಬನಿಯನ್ ಬಟ್ಟೆ ಸುತ್ತಿದ್ದಾರೆ. ಬೆರಳು ಫ್ಯಾಕ್ಟರಿಯಲ್ಲಿ ಉಳಿದೇ ಇಲ್ಲ. ಮಂಜುಳಾ ಜೊತೆಗೇ ನಮ್ಮ ಬಾಗಿಲು ದಾಟಿ ಒಳಗೆ ಬಂದಿದೆ.

"ಶೈನಿ, ಬಿಚ್ಚಿದ ಬಟ್ಟೆ ಎಲ್ಲಿ?"

ಅವಳು ಹಾಸಿಗೆಯ ಕೆಳಗೆ ನೋಡಿದಳು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಬಕೆಟ್ಟಿಗೆ ಹೊಸ ಹಳದಿ ಚೀಲ ಹಾಕಿತ್ತು, ಖಾಲಿ. ಬಾಗಿಲಲ್ಲಿ ರತ್ನಮ್ಮ ಒರೆಸುವ ಕೋಲು ಹಿಡಿದು ನಿಂತಿದ್ದಳು.

"ಕಟ್ಟಿ ಕೊಟ್ಬುಟ್ಟೆ ಮೇಡಮ್ಮೋರೇ" ಎಂದಳು. ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಗಾಡಿ ಬಂದು ನಿಂತಿತ್ತು. ಈಗ್ತಾನೆ ಓಯ್ತು."

ಆಸ್ಪತ್ರೆಗಳ ತ್ಯಾಜ್ಯ ಒಯ್ಯುವ ಗಾಡಿ ಅದು. ಹತ್ತಾರು ಆಸ್ಪತ್ರೆ ಸುತ್ತಿ ಹಳದಿ ಚೀಲಗಳನ್ನೆಲ್ಲ ಸುಡುವಲ್ಲಿಗೆ ಒಯ್ಯುತ್ತದೆ. ಒಳಗೆ ಹೋದ ಮೇಲೆ ಚೀಲ ಬಿಚ್ಚುವ ಪ್ರಶ್ನೆಯೇ ಇಲ್ಲ.

ನನ್ನ ಕಾಲುಗಳು ಆಗಲೇ ಬಾಗಿಲ ಕಡೆ ಹೊರಟಿದ್ದವು. ಹಿಂದೆ ಹಿರಿಯರು ಸಣ್ಣಗೆ ನರಳಿದರು. ನಿಂತೆ. ಓದುತ್ತಿರುವ ಮಕ್ಕಳೇ, ಸಮಯ ನಿರ್ವಹಣೆ ಎಂದು ನೀವು ಕೇಳುವುದೆಲ್ಲ ಈ ನಿಲ್ಲುವುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬೆರಳನ್ನು ಹುಡುಕಲು ಯಾರು ಬೇಕಾದರೂ ಹೋಗಬಹುದು. ಆ ಹೃದಯದ ಪಕ್ಕದಲ್ಲಿ ನಿಲ್ಲಬೇಕಾದವಳು ಆ ಹೊತ್ತಿಗೆ ನಾನೊಬ್ಬಳೇ. "ಯಾರಾದ್ರೂ ಓಡಿ" ಎಂದು ಕೂಗಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಾರೆ, ಅದನ್ನು ಬಹಳ ಸಲ ಕಂಡಿದ್ದೆ. ಹೆಸರು ಹಿಡಿದು ಕೂಗಿದೆ.

"ವಿನಯ್!"

ಅವನು ಫೋನ್ ಹಿಡಿದುಕೊಂಡೇ ಬಂದ. ಗಡಿಯಾರ ಇನ್ನೂ ಓಡುತ್ತಿತ್ತು.

"ಈ ಹುಡುಗಿ ಹೆಬ್ಬೆರಳು ಹಳದಿ ಚೀಲದಲ್ಲಿದೆ. ಚೀಲ ಗಾಡಿಯಲ್ಲಿದೆ. ನೀನೇ ಹೋಗ್ಬೇಕು. ಡ್ರೈವರ್ ನಿನ್ನ ಮಾತು ಮಾತ್ರ ಕೇಳ್ತಾನೆ."

ಅವನ ಮುಖದ ರಕ್ತವೆಲ್ಲ ಇಳಿಯಿತು. ಶೈನಿ ಕೊಟ್ಟ ಗ್ಲೌಸು, ಬ್ಯಾಂಡೇಜ್ ಬಟ್ಟೆ, ಸಲೈನ್ ಬಾಟಲಿ, ಪ್ಲಾಸ್ಟಿಕ್ ಕವರು ಎದೆಗವಚಿಕೊಂಡು ಓಡಿದ. ಕಿಟಕಿಯಿಂದ ಕಂಡೆ: ಟೈ ಕಟ್ಟಿದ ನಮ್ಮ ಮ್ಯಾನೇಜರು ನಾಗರಾಜ ಬಂದಿದ್ದ ಲಗೇಜ್ ಆಟೋದ ಹಿಂಬದಿ ಹತ್ತಿ, ಕಂಬಿ ಹಿಡಿದು, "ಬಿಡು ಗುರು, ಬಿಡು!" ಎಂದು ಕೂಗುತ್ತಿದ್ದ.

ಹಿರಿಯರಿಗೆ ಕೊಡಬೇಕಾದ ಮಾತ್ರೆ ಕೊಟ್ಟು, ಹೃದಯದ ಆಸ್ಪತ್ರೆಗೆ ತಿಳಿಸಿ, ಕೈಯ ಶಸ್ತ್ರಚಿಕಿತ್ಸೆ ಮಾಡುವ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. "ಕಳಿಸಿ, ಥಿಯೇಟರ್ ಇಟ್ಕೊಂಡಿರ್ತೀನಿ. ಬೆರಳು ಹೇಗಿದೆ?" ಎಂದರು. "ಬರ್ತಿದೆ" ಎಂದೆ. ಅದು ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಮಂಜುಳಾಳನ್ನು ಒಯ್ಯುವ ಆಂಬುಲೆನ್ಸ್ ಬಂತು. ಹಿರಿಯರಿಗಾಗಿ ಹೃದಯದ ಆಸ್ಪತ್ರೆಯವರದೇ ಬೇರೆ ಆಂಬುಲೆನ್ಸ್ ಹೊರಟಿತ್ತು. ಬೆರಳು ಸಿಗುವವರೆಗೂ ಮಂಜುಳಾಳನ್ನು ಇಲ್ಲಿ ಇಟ್ಟುಕೊಂಡರೆ ಅಲ್ಲಿನ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ತಡ. ಈಗಲೇ ಕಳಿಸಿದರೆ ಎರಡು ಕೆಲಸ ಒಟ್ಟಿಗೆ ಸಾಗುತ್ತವೆ. ಆದರೆ ಅವಳು ಎಡಗೈಯಲ್ಲಿ ಮಂಚದ ಕಂಬಿ ಹಿಡಿದುಕೊಂಡಳು.

"ಬೆರಳು ಬಿಟ್ಟು ನಾನು ಹೋಗಲ್ಲ ಮೇಡಂ. ಹೋದ್ರೆ ಅಲ್ಲಿ ಹೊಲಿಗೆ ಹಾಕಿ ಕಳಿಸ್ಬಿಡ್ತಾರೆ."

"ನೀನು ಮುಂದೆ ಹೋಗು. ಅದು ಹಿಂದೇನೇ ಬರತ್ತೆ."

"ಸಿಕ್ತಾ?"

ಶೈನಿ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಿದರೆ ಅವಳು ಕೈ ಬಿಡುವುದಿಲ್ಲ. "ಅದನ್ನ ತರೋಕೆ ಆಸ್ಪತ್ರೆ ಮ್ಯಾನೇಜರೇ ಹೋಗಿದಾರೆ. ನಾನು ಆ ಡಾಕ್ಟರ್ ಹತ್ರ ಮಾತಾಡಿದೀನಿ, ಅದು ಬರೋವರೆಗೂ ಹೊಲಿಗೆ ಹಾಕಲ್ಲ. ಕಂಬಿ ಬಿಡಮ್ಮ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಅವಳನ್ನು ಕಳಿಸಿಕೊಟ್ಟು ಹಿರಿಯರ ಹಾಸಿಗೆಗೆ ಮರಳಿದೆ.

ವಿನಯ್‌ನ ಫೋನ್ ಬಂದಾಗ ನಾನು ಹಿರಿಯರ ರಕ್ತದೊತ್ತಡ ನೋಡುತ್ತಿದ್ದೆ. ಶೈನಿ ಫೋನನ್ನು ನನ್ನ ಕಿವಿಗೆ ಒತ್ತಿಹಿಡಿದಳು. ಗಾಡಿ ದಾಸರಹಳ್ಳಿಯ ಒಂದು ನರ್ಸಿಂಗ್ ಹೋಮ್ ಮುಂದೆ ಸಿಕ್ಕಿತ್ತು. ಡ್ರೈವರ್ ಬಾಗಿಲು ತೆಗೆಯಲು ಒಪ್ಪುತ್ತಿರಲಿಲ್ಲ. ಅವನ ಕೂಗು ನನಗೂ ಕೇಳಿಸುತ್ತಿತ್ತು: "ಸೀಲ್ ಆದ್ಮೇಲೆ ಬಿಚ್ಚಂಗಿಲ್ಲ ಸಾರ್! ನನ್ನ ಕೆಲ್ಸ ಹೋಗತ್ತೆ!" ವಿನಯ್‌ನ ದನಿ ಒಡೆದಿತ್ತು. "ನನ್ನ ಮೇಲೆ ಕಂಪ್ಲೇಂಟ್ ಕೊಡಣ್ಣ. ನಾನೇ ಬರ್ದು ಕೊಡ್ತೀನಿ. ನಿನಗೂ ಹೆಣ್ಮಕ್ಕಳಿರ್ತಾರೆ, ತೆಗಿಯಣ್ಣ!"

ಬಾಗಿಲಿನ ಕಬ್ಬಿಣ ಕಿರುಗುಟ್ಟಿತು. ಆಮೇಲೆ ಪ್ಲಾಸ್ಟಿಕ್ ಸರಸರ.

"ಇದು ನಮ್ದಲ್ಲ... ಇದೂ ಅಲ್ಲ... ಮೇಡಂ, ನಮ್ಮ ಆಸ್ಪತ್ರೆ ಚೀಟಿ ಇರೋ ಚೀಲ ಸಿಕ್ತು. ಬಿಚ್ತಿದೀನಿ. ಬನಿಯನ್ ಬಟ್ಟೆ ಇದೆ."

"ಎಳೀಬೇಡ. ಪದರ ಪದರವಾಗಿ ಬಿಡಿಸು."

"ಗ್ಲೌಸ್ ಸಿಕ್ತು."

ಹಿರಿಯರ ಮಾನಿಟರ್ ಬೀಪ್ ಎನ್ನುತ್ತಿತ್ತು. ರತ್ನಮ್ಮ ಗೋಡೆಗೆ ಒರಗಿ ಸೆರಗು ಬಾಯಿಗೆ ಅದುಮಿಕೊಂಡಿದ್ದಳು.

"ಒಳಗಿದೆ ಮೇಡಂ" ಎಂದ ವಿನಯ್. ಆಮೇಲೆ ಅವನು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ಬಾಯಿ ಒರೆಸಿಕೊಂಡು ಬಂದು, ನಾನು ಹೇಳಿದಂತೆಯೇ ಮಾಡಿದ. ಸಲೈನಿನಲ್ಲಿ ನೆನೆಸಿ ಹಿಂಡಿದ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟ. ಐಸನ್ನು ಪಕ್ಕದ ಜ್ಯೂಸ್ ಅಂಗಡಿಯವನು ಕೊಟ್ಟನಂತೆ, ಪಾತ್ರೆಯನ್ನೂ ಅವನೇ ಕೊಟ್ಟನಂತೆ. ತುಮಕೂರು ರಸ್ತೆಯ ಆ ಹೊತ್ತಿನ ಟ್ರಾಫಿಕ್ಕಿನಲ್ಲಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಇಳಿದು ತಾನೇ ವಾಹನಗಳನ್ನು ಸರಿಸುತ್ತ, ಅವನು ಆ ಆಸ್ಪತ್ರೆ ಮುಟ್ಟಿದ.

ಹಿರಿಯರನ್ನು ಅಷ್ಟರಲ್ಲಿ ಹೃದಯದ ಆಸ್ಪತ್ರೆಗೆ ಕಳಿಸಿದ್ದೆವು. ಅವರು ಉಳಿದರು. ಆ ಸಂಜೆ ನಾನು ಬೆಂಚಿನ ಮೇಲೆ ಕೂತಿದ್ದಾಗ ವಿನಯ್ ಮರಳಿ ಬಂದ. ಅವನಿಗೆ ಹೇಳಬೇಕೆಂದು ಒಂದು ಖಾರವಾದ ಮಾತನ್ನು ಮಧ್ಯಾಹ್ನದಿಂದ ಮಸೆದು ಇಟ್ಟುಕೊಂಡಿದ್ದೆ. ಅಂಗಿಯ ತುಂಬ ಕಲೆ, ಟೈ ಎಲ್ಲೋ ಬಿದ್ದುಹೋಗಿತ್ತು. ಆ ಅವತಾರ ನೋಡಿ ಮಾತು ನಾಲಗೆಯಲ್ಲೇ ಸತ್ತಿತು. ಅವನೇ ರತ್ನಮ್ಮನ ಹತ್ತಿರ ಹೋಗಿ, "ಅಕ್ಕ, ಓಡಿ ಓಡಿ ಅಂತ ನಿಮ್ಮನ್ನ ಓಡ್ಸಿದ್ದು ನಾನು. ನೀವು ಅಳ್ಬೇಡಿ" ಎಂದ. ಅವಳು ಇನ್ನೂ ಜೋರಾಗಿ ಅತ್ತಳು.

ಮರುದಿನ ಗೋಡೆಯ ನಕ್ಷತ್ರಗಳು ಹೋದವು. ವೇಗವನ್ನೇನೂ ಅವನು ಕೈಬಿಡಲಿಲ್ಲ, ಬಿಡಬಾರದಿತ್ತು ಕೂಡ. ಹೊಸದಾಗಿ ಒಂದೇ ಮಾತು ಸೇರಿತು. ಗಾಯಾಳುವಿನ ಮೈಮೇಲಿಂದ ತೆಗೆದದ್ದು ಯಾವುದೂ ಡಾಕ್ಟರನ್ನು ಕೇಳದೆ ಹಾಸಿಗೆಯ ಪಕ್ಕದಿಂದ ಕದಲಬಾರದು. ಅಂದಿನಿಂದ ರತ್ನಮ್ಮ ಚೀಲದ ಬಾಯಿ ಹಿಡಿದು, "ಎತ್ಲಾ ಮೇಡಮ್ಮೋರೇ?" ಎಂದು ಕೇಳುತ್ತಿದ್ದಳು. ನಾನು ಒಂದು ಸಲ ನೋಡಿ, ಹೂಂ ಎನ್ನುತ್ತಿದ್ದೆ. ಅಷ್ಟಕ್ಕೆ ಹಿಡಿಯುವ ಸಮಯ ಎಂಥದ್ದು ಹೇಳಿ? ನೀವು ಕೆಲಸ ಮಾಡುವಲ್ಲಿಯೂ ಈ ಪ್ರಶ್ನೆ ಕೇಳುವ ಪದ್ಧತಿ ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಇಲ್ಲದಿದ್ದರೆ ಶುರುಮಾಡಿ. ನಿಮ್ಮನ್ನು ನಿಧಾನ ಎಂದು ಬೈಯುವವರು ಸಿಗುತ್ತಾರೆ, ಬೈಸಿಕೊಳ್ಳಿ.

ಮಂಜುಳಾಳ ಬೆರಳು ಮೊದಲ ಕೆಲವು ದಿನ ಹೆದರಿಸಿತು. ಒಮ್ಮೆ ಕಪ್ಪಗಾಗುತ್ತಿದೆ ಎಂದು ಮತ್ತೆ ಥಿಯೇಟರಿಗೆ ಒಯ್ದರು. ಫೋನ್ ಬಂದಾಗಲೆಲ್ಲ ನನಗೆ ಅದೇ ಕಂಬಿ ಹಿಡಿದ ಕೈ ಕಣ್ಣಮುಂದೆ ಬರುತ್ತಿತ್ತು. ಆಮೇಲೆ ಸುದ್ದಿ ಬರುವುದು ನಿಂತಿತು. ಕೇಳಲು ಧೈರ್ಯ ಸಾಲದೆ ನಾನೂ ಸುಮ್ಮನಿದ್ದೆ.

ನಾನು ನಿವೃತ್ತಳಾಗುವ ವಾರ, ಮತ್ತೆ ಅದೇ ಶಿಫ್ಟ್ ಬಿಡುವ ಹೊತ್ತು. ಬೆಂಚುಗಳ ಉದ್ದಕ್ಕೂ ನಡೆದು ಬರುತ್ತಿದ್ದೆ. ಒಬ್ಬಳು ಎದ್ದು ನಿಂತಳು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದ ಹುಡುಗಿ, ಕೆಮ್ಮು.

"ಗುರ್ತು ಸಿಕ್ತಾ ಮೇಡಂ?" ಎಂದು ಮಂಜುಳಾ ಬಲಗೈ ಚಾಚಿದಳು. ಹೆಬ್ಬೆರಳು ಅಲ್ಲಿತ್ತು. ಸ್ವಲ್ಪ ತೆಳು, ಸ್ವಲ್ಪ ಸೆಟೆದದ್ದು, ಬುಡದಲ್ಲಿ ಬಿಳಿ ಗೆರೆ. ಮುಟ್ಟಿದೆ. ಬೆಚ್ಚಗಿತ್ತು. ನನ್ನ ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲು ಮಗುವಿನ ಕಡೆ ಬಾಗಿದೆ.

ಸೊಂಟದವರೆಗೆ ಒಂದು ಜಡೆ. ಮೇಲೆ ಬಿಗಿ, ನಡುವೆ ಸಡಿಲ, ಕೆಳಗೆ ಒಂದು ಕಡೆಗೆ ವಾಲಿದ್ದು. ರಿಬ್ಬನ್ ಮಾತ್ರ ಗಟ್ಟಿಯಾಗಿ ಕಟ್ಟಿತ್ತು.

"ಜಡೆ ಯಾರು ಹಾಕಿದ್ದು ಪುಟ್ಟಿ?"

"ಅಮ್ಮ" ಎಂದಳು ಹುಡುಗಿ, ಮುಖ ಗಂಟುಹಾಕಿಕೊಂಡು. "ಎಷ್ಟ್ ಹೊತ್ತು ತಗೋತಾಳೆ ಗೊತ್ತಾ ಆಂಟಿ! ದಿನಾ ನಂಗೆ ಸ್ಕೂಲಿಗೆ ಲೇಟು!"

ಹಿಂದೆ ಬೆಂಚಿನವರು ಗೊಣಗುತ್ತಿದ್ದರು, ಶೈನಿ ಒಳಗಿನಿಂದ ಕರೆಯುತ್ತಿದ್ದಳು. ನಾನು ಆ ಸೊಟ್ಟ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

"ತಗೊಳ್ಳಲಿ ಬಿಡೇ" ಎಂದೆ.